ಆಪ್ತನಾರು, ಸಾಕ್ಷಿ ಯಾರು: ಬ್ರೌಸರ್ ಆಯ್ಕೆಯಲ್ಲಿ ಅಡಗಿರುವ ಪ್ರಮಾಣದ ಪ್ರಶ್ನೆ

ಕಂಪ್ಯೂಟರನ್ನೂ ಬ್ರೌಸರನ್ನೂ ಆರಿಸಿಕೊಳ್ಳುವ ಕೆಲಸ ಬಹುಮಟ್ಟಿಗೆ ಬೆಲೆ, ವೇಗ, ರೂಢಿ ಇವುಗಳ ಲೆಕ್ಕಾಚಾರದಲ್ಲೇ ಮುಗಿದುಹೋಗುತ್ತದೆಯಾದರೂ, ಆ ಆಯ್ಕೆಯ ತಳದಲ್ಲಿ ಭಾರತೀಯ ದರ್ಶನಕಾರರು ಶತಮಾನಗಳ ಕಾಲ ಚರ್ಚಿಸಿದ ಒಂದು ಪ್ರಶ್ನೆಯಿದೆ: ತಾನೇ ಕಣ್ಣಾರೆ ಕಂಡು ಪರೀಕ್ಷಿಸಲಾಗದ ವಿಷಯದಲ್ಲಿ ಮನುಷ್ಯನು ಯಾರ ಮಾತನ್ನು, ಯಾವ ಆಧಾರದ ಮೇಲೆ ನಂಬಬೇಕು? ಬ್ರೌಸರ್ ಎಂದರೆ ದೂರದ ಕಂಪ್ಯೂಟರ್‌ಗಳಲ್ಲಿರುವ ಅಂತರಜಾಲದ ಪುಟಗಳನ್ನು ತರಿಸಿಕೊಂಡು, ಅವುಗಳಲ್ಲಿರುವ ಸಂಕೇತಗಳನ್ನು ಬಿಡಿಸಿ, ಅಕ್ಷರಗಳೂ ಚಿತ್ರಗಳೂ ಆಗಿ ತೆರೆಯ ಮೇಲೆ ಮೂಡಿಸುವ ತಂತ್ರಾಂಶ. 1990ರಲ್ಲಿ ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಟಿಮ್ ಬರ್ನರ್ಸ್-ಲೀ ಬರೆದ ಮೊದಲ ಬ್ರೌಸರ್, ವಿಜ್ಞಾನಿಗಳು ದಾಖಲೆಗಳನ್ನು ಓದಿ ತಿದ್ದುವುದಕ್ಕೆ ನೆರವಾಗುವ ಸಲಕರಣೆಯಾಗಿತ್ತು. ಇಂದು ಬ್ಯಾಂಕಿನ ಖಾತೆ, ಜಮೀನಿನ ಪಹಣಿ, ರಕ್ತಪರೀಕ್ಷೆಯ ವರದಿ, ಮಗಳಿಗೆ ಹುಡುಕುವ ವರ, ಯಾರಿಗೂ ಹೇಳಿಕೊಳ್ಳಲಾಗದ ಕಾಯಿಲೆಯ ಹೆಸರು ಎಲ್ಲವೂ ಆ ಒಂದೇ ಬಾಗಿಲಿನಿಂದ ಓಡಾಡುತ್ತವೆ. ಆ ಬಾಗಿಲನ್ನು ಕಾಯುವ ತಂತ್ರಾಂಶದಲ್ಲಿ ಕೋಟಿಗೂ ಮೀರಿದ ಸಾಲುಗಳ ಸಂಕೇತವಿರುವುದರಿಂದ ಅದನ್ನು ಪೂರ್ತಿಯಾಗಿ ಓದಿ ತಿಳಿದವರು ಅದನ್ನು ಬರೆದವರಲ್ಲೂ ಇಲ್ಲ. ಹೀಗಾಗಿ ಬ್ರೌಸರಿನ ಒಳಗನ್ನು ಕುರಿತ ಜ್ಞಾನ ಪ್ರತ್ಯಕ್ಷದಿಂದ ದೊರೆಯುವುದಿಲ್ಲ, ಅನುಮಾನದಿಂದ ಅಲ್ಪಸ್ವಲ್ಪ ದೊರೆಯುತ್ತದೆ, ಉಳಿದುದೆಲ್ಲ ಶಬ್ದಪ್ರಮಾಣದಿಂದ, ಅಂದರೆ ಇನ್ನೊಬ್ಬರ ಮಾತಿನಿಂದ ಬರಬೇಕಾಗುತ್ತದೆ.

ಈ ಚರ್ಚೆಯಲ್ಲಿ ಸದಾ ಒಟ್ಟಿಗೆ ಕೇಳಿಬರುವ ಸುರಕ್ಷತೆ ಮತ್ತು ಖಾಸಗಿತನ ಎಂಬ ಎರಡು ಮಾತುಗಳನ್ನು ಮೊದಲೇ ಬೇರ್ಪಡಿಸಿಕೊಳ್ಳದಿದ್ದರೆ ವಿಚಾರ ಕಲಸಿಹೋಗುತ್ತದೆ. ಯಂತ್ರವು ತನ್ನ ಒಡೆಯನ ಆಜ್ಞೆಯಂತೆ ನಡೆದು, ಹೊರಗಿನವನ ಆಜ್ಞೆಗೆ ಮಣಿಯದಿರುವುದು ಸುರಕ್ಷತೆ. ಒಬ್ಬ ವ್ಯಕ್ತಿಯನ್ನು ಕುರಿತ ತಿಳಿವಳಿಕೆ ಅವನ ಒಪ್ಪಿಗೆಯಿಲ್ಲದೆ ಇತರರ ಕೈಸೇರದಿರುವುದು ಖಾಸಗಿತನ. ಒಂದಿದ್ದಲ್ಲಿ ಇನ್ನೊಂದು ಇರಲೇಬೇಕೆಂದಿಲ್ಲ. 2008ರಲ್ಲಿ ಬಂದ ಗೂಗಲ್ ಕ್ರೋಮ್, ಪ್ರತಿಯೊಂದು ಪುಟವನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂಡಿಹಾಕಿದಂತೆ ಪ್ರತ್ಯೇಕ ಪ್ರಕ್ರಿಯೆಗಳಲ್ಲಿ ನಡೆಸಿ, ಒಂದು ಪುಟದಲ್ಲಿ ನುಸುಳಿದ ದುಷ್ಟ ಸಂಕೇತ ಇಡೀ ಯಂತ್ರವನ್ನು ಹಿಡಿಯದಂತೆ ಮಾಡುವ ರಚನೆಯನ್ನು ಜನಸಾಮಾನ್ಯರ ಬಳಕೆಗೆ ತಂದಿತು. ಈ ದೃಷ್ಟಿಯಿಂದ ಅದು ಅತ್ಯಂತ ಸುರಕ್ಷಿತವಾದ ಬ್ರೌಸರ್‌ಗಳಲ್ಲಿ ಒಂದು. ಆದರೆ ಅದನ್ನು ಕಟ್ಟಿದ ಸಂಸ್ಥೆಯ ಆದಾಯದ ಬಹುಪಾಲು ಜಾಹೀರಾತಿನಿಂದ ಬರುತ್ತದೆ, ಜಾಹೀರಾತಿನ ಬೆಲೆ ನೋಡುಗನನ್ನು ಎಷ್ಟು ಬಲ್ಲೆವು ಎಂಬುದರ ಮೇಲೆ ನಿಂತಿದೆ. ಕಳ್ಳನಿಂದ ಮನೆಯನ್ನು ಚೆನ್ನಾಗಿ ಕಾಯುವ ಕಾವಲುಗಾರನೇ ಮನೆಯವರ ದಿನಚರಿಯನ್ನು ಬರೆದಿಟ್ಟುಕೊಳ್ಳುವ ಈ ಸ್ಥಿತಿಯಲ್ಲಿ ಎರಡು ಬೇರೆ ಪ್ರಶ್ನೆಗಳು ಹುಟ್ಟುತ್ತವೆ: ಮೊದಲನೆಯದು ಆಪ್ತನನ್ನು, ಅಂದರೆ ನಂಬತಕ್ಕವನನ್ನು ಕುರಿತದ್ದು, ಎರಡನೆಯದು ಸಾಕ್ಷಿಯನ್ನು, ಅಂದರೆ ನೋಡುತ್ತಿರುವವನನ್ನು ಕುರಿತದ್ದು.

ಗೌತಮನ ನ್ಯಾಯಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನನು, ಯಾರ ಮಾತು ಪ್ರಮಾಣವಾಗುತ್ತದೆಯೋ ಅಂಥ ಆಪ್ತನನ್ನು ಗುರುತಿಸಲು ಕೊಡುವ ಲಕ್ಷಣಗಳು ಇಂದಿಗೂ ಮಾಸಿಲ್ಲ. ವಿಷಯವನ್ನು ಸಾಕ್ಷಾತ್ತಾಗಿ ಬಲ್ಲವನು, ಬಲ್ಲಂತೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನು, ತಿಳಿಸುವ ಸಾಮರ್ಥ್ಯವುಳ್ಳವನು ಆಪ್ತ. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎಂದು ಆತ ಸ್ಪಷ್ಟಪಡಿಸುತ್ತಾನೆ. ಈ ಕೊನೆಯ ಮಾತಿನ ಉದಾರತೆ ಗಮನಾರ್ಹವಾದುದು, ಏಕೆಂದರೆ ಯಾವ ದೇಶದ ತಂತ್ರಾಂಶ, ಯಾವ ಹೆಸರಾಂತ ಸಂಸ್ಥೆಯ ಕಂಪ್ಯೂಟರ್ ಎಂಬ ಕುಲವಿಚಾರಣೆಯಿಂದಲೇ ನಂಬಿಕೆಯನ್ನು ನಿರ್ಧರಿಸುವವರು ಇಂದು ಎಲ್ಲ ದೇಶಗಳಲ್ಲೂ ಇದ್ದಾರೆ. ವಾತ್ಸ್ಯಾಯನನ ಅಳತೆಗೋಲು ಕುಲವನ್ನು ಬದಿಗಿಟ್ಟು, ಹೇಳುವವನಿಗೆ ಗೊತ್ತಿದೆಯೇ, ಗೊತ್ತಿದ್ದುದನ್ನು ಹೇಳುವ ಮನಸ್ಸಿದೆಯೇ ಎಂದು ಕೇಳುತ್ತದೆ.

ಮನುಷ್ಯನ ಮಾತು ಏಕೆ ಸುಳ್ಳಾಗುತ್ತದೆ ಎಂಬುದಕ್ಕೆ ನಮ್ಮ ದರ್ಶನಗ್ರಂಥಗಳಲ್ಲಿ ಮತ್ತೆ ಮತ್ತೆ ಬರುವ ನಾಲ್ಕು ದೋಷಗಳಿವೆ: ಒಂದನ್ನು ಇನ್ನೊಂದೆಂದು ತಿಳಿಯುವ ಭ್ರಮ, ಎಚ್ಚರ ತಪ್ಪುವ ಪ್ರಮಾದ, ಮೋಸಗೊಳಿಸುವ ಇಚ್ಛೆಯಾದ ವಿಪ್ರಲಿಪ್ಸೆ, ಇಂದ್ರಿಯವೇ ಸಾಲದೆಹೋಗುವ ಕರಣಾಪಾಟವ. ಕಂಪ್ಯೂಟರಿನ ಕೇಡುಗಳನ್ನು ಈ ನಾಲ್ಕರಲ್ಲಿ ಹಂಚಿಡಬಹುದೆಂಬುದು ಕೇವಲ ಹೋಲಿಕೆಯ ಚಮತ್ಕಾರವೆನಿಸುವುದಿಲ್ಲ. ಸಂಕೇತ ಬರೆಯುವವರ ತಪ್ಪುಗ್ರಹಿಕೆಯಿಂದ ಉಳಿದುಕೊಳ್ಳುವ ಬಿರುಕು ಭ್ರಮ. ಆ ಬಿರುಕು ತಿಳಿದ ಮೇಲೂ ತೇಪೆಯನ್ನು ಹಾಕದೆ, ಅಂದರೆ ತಂತ್ರಾಂಶವನ್ನು ಅಪ್‌ಡೇಟ್ ಮಾಡದೆ ಬಿಡುವುದು ಪ್ರಮಾದ. ಇದು ತಯಾರಕರದೂ ಆಗಬಹುದು, ಬಳಸುವವನದೂ ಆಗಬಹುದು. ಉಚಿತವಾಗಿ ದೊರೆಯುವ ಆಟದ ಆ್ಯಪ್ ಒಳಗೊಳಗೇ ಸಂಪರ್ಕಗಳ ಪಟ್ಟಿಯನ್ನು ಕದ್ದು ಕಳಿಸುವುದು ವಿಪ್ರಲಿಪ್ಸೆ. ನಾಲ್ಕನೆಯದಕ್ಕೆ ಉದಾಹರಣೆ 2018ರ ಜನವರಿಯಲ್ಲಿ ಬಹಿರಂಗಗೊಂಡ ಮೆಲ್ಟ್‌ಡೌನ್ ಮತ್ತು ಸ್ಪೆಕ್ಟರ್ ಎಂಬ ದೋಷಗಳು: ಕಂಪ್ಯೂಟರಿನ ಮಿದುಳಿನಂತಿರುವ ಪ್ರೊಸೆಸರ್ ವೇಗಕ್ಕಾಗಿ ಮುಂದಿನ ಲೆಕ್ಕವನ್ನು ಊಹಿಸಿ ಮೊದಲೇ ಮಾಡಿಟ್ಟುಕೊಳ್ಳುವ ಪದ್ಧತಿಯಿಂದಲೇ ಗುಟ್ಟಿನ ಮಾಹಿತಿ ಸೋರಬಹುದೆಂದು ಆಗ ತಿಳಿದುಬಂದು, ತಂತ್ರಾಂಶವನ್ನು ಬರೆದವರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಅದು ಓಡುವ ಸಿಲಿಕಾನ್ ಚೂರೇ ದುರ್ಬಲವಾಗಿರಬಹುದೆಂಬುದು ಖಚಿತವಾಯಿತು. ದೋಷ ಯಾವುದೆಂದು ತಿಳಿದರೆ ಪರಿಹಾರವೂ ಬೇರೆಯಾಗುತ್ತದೆ. ಭ್ರಮ ಪ್ರಮಾದಗಳಿಗೆ ಮದ್ದು ನಿರಂತರವಾದ ತಿದ್ದುಪಡಿ. ವಿಪ್ರಲಿಪ್ಸೆಗೆ ತಿದ್ದುಪಡಿಯಿಲ್ಲ, ಅಂಥವನ ಸಹವಾಸವನ್ನು ಬಿಡುವುದೊಂದೇ ದಾರಿ.

ಹಾಗಾದರೆ ಸಂಕೇತವನ್ನು ಎಲ್ಲರೂ ಓದುವಂತೆ ತೆರೆದಿಟ್ಟರೆ ಸಾಕೇ? ಮುಕ್ತ ತಂತ್ರಾಂಶದ ಪಕ್ಷದವರು ಸಾಮಾನ್ಯವಾಗಿ ಹೌದೆನ್ನುತ್ತಾರೆ, ಅವರ ಮಾತಿನಲ್ಲಿ ಬಹಳಷ್ಟು ಸತ್ಯವಿದೆ. 2004ರ ನವೆಂಬರಿನಲ್ಲಿ ಮೊದಲ ಪೂರ್ಣ ಆವೃತ್ತಿ ಕಂಡ ಫೈರ್‌ಫಾಕ್ಸ್ ತನ್ನ ಮೂಲಸಂಕೇತವನ್ನು ಬಚ್ಚಿಡದ ಬ್ರೌಸರ್. ಕನ್ನಡದಲ್ಲೂ ಅದರ ಆವೃತ್ತಿಯಿದೆ. ಆದರೆ ಯುನಿಕ್ಸ್ ಕಾರ್ಯಾಚರಣ ವ್ಯವಸ್ಥೆಯನ್ನು ರೂಪಿಸಿದವರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್, ಟ್ಯೂರಿಂಗ್ ಪ್ರಶಸ್ತಿಯನ್ನು ಸ್ವೀಕರಿಸಿ ಮಾಡಿದ, 1984ರಲ್ಲಿ ಪ್ರಕಟವಾದ ಭಾಷಣದಲ್ಲಿ ಈ ಸಮಾಧಾನವನ್ನು ಕಲಕಿಬಿಟ್ಟರು. ಮನುಷ್ಯ ಬರೆದ ಸಂಕೇತವನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರ್ ಎಂಬ ತಂತ್ರಾಂಶದಲ್ಲಿಯೇ ಕೇಡನ್ನು ಹುದುಗಿಸಿಟ್ಟರೆ, ಅದು ನಿರ್ಮಲವಾದ ಸಂಕೇತದಿಂದಲೂ ಕೆಟ್ಟ ಕಾರ್ಯಕ್ರಮವನ್ನು ಹುಟ್ಟಿಸಬಲ್ಲದು. ಅಷ್ಟೇ ಅಲ್ಲದೆ ಮುಂದಿನ ಕಂಪೈಲರನ್ನು ಕಟ್ಟುವಾಗಲೂ ತನ್ನ ಕೇಡನ್ನು ಅದಕ್ಕೆ ದಾಟಿಸಿ, ಮೂಲಸಂಕೇತದಲ್ಲಿ ಒಂದು ಗುರುತನ್ನೂ ಉಳಿಸದಿರಬಲ್ಲದು. ತಾನೇ ಬರೆಯದ ಸಂಕೇತವನ್ನು ಪೂರ್ತಿ ನಂಬುವುದು ಸಾಧ್ಯವಿಲ್ಲವೆಂಬುದು ಆ ಭಾಷಣದ ತಾತ್ಪರ್ಯ. ಬ್ರೌಸರನ್ನು ನಂಬಲು ಕಂಪೈಲರನ್ನು ನಂಬಬೇಕು, ಕಂಪೈಲರನ್ನು ನಂಬಲು ಅದನ್ನು ಕಟ್ಟಿದ ಹಿಂದಿನ ಕಂಪೈಲರನ್ನು ನಂಬಬೇಕು, ಅದರ ಕೆಳಗೆ ಪ್ರೊಸೆಸರ್, ಪ್ರೊಸೆಸರಿನ ಕೆಳಗೆ ಅದನ್ನು ಅಚ್ಚು ಹಾಕಿದ ಕಾರ್ಖಾನೆ.

ದರ್ಶನಶಾಸ್ತ್ರದ ಓದುಗರಿಗೆ ಈ ಸರಪಳಿ ಹೊಸದಲ್ಲ. ಇದನ್ನೇ ಅನವಸ್ಥೆ, ಅಂದರೆ ಎಲ್ಲಿಯೂ ನಿಲ್ಲದ ಹಿನ್ನಡೆ ಎಂದು ಕರೆದು, ಪ್ರಾಮಾಣ್ಯವಾದದಲ್ಲಿ ಮೀಮಾಂಸಕರು ನೈಯಾಯಿಕರ ಮೇಲೆ ಪ್ರಯೋಗಿಸಿದ್ದರು. ಒಂದು ಜ್ಞಾನ ನಿಜವೆಂದು ತಿಳಿಯುವುದು ಬೇರೊಂದು ಜ್ಞಾನದ ಬಲದಿಂದ, ಮುಖ್ಯವಾಗಿ ಅದನ್ನು ನಂಬಿ ಕೈಗೊಂಡ ಕೆಲಸ ಫಲಿಸಿದಾಗ ಎಂಬುದು ನ್ಯಾಯದ ಪರತಃಪ್ರಾಮಾಣ್ಯ ಪಕ್ಷ. ಹಾಗಾದರೆ ಆ ಎರಡನೆಯ ಜ್ಞಾನವನ್ನು ನಂಬಲು ಮೂರನೆಯದು ಬೇಕಾಗುತ್ತದೆಯಾದ್ದರಿಂದ, ಜ್ಞಾನ ತಾನಾಗಿಯೇ ಪ್ರಮಾಣ, ಅದನ್ನು ಸುಳ್ಳೆಂದು ತೋರಿಸುವ ಬಾಧಕವೊಂದು ಎದುರಾದಾಗ ಮಾತ್ರ ಅದು ಬಿದ್ದುಹೋಗುತ್ತದೆ ಎಂಬುದು ಮೀಮಾಂಸೆಯ ಸ್ವತಃಪ್ರಾಮಾಣ್ಯ ಪಕ್ಷ. ಕರ್ನಾಟಕದಲ್ಲಿ ಹುಟ್ಟಿದ ಮಾಧ್ವ ಪರಂಪರೆ ಸ್ವತಃಪ್ರಾಮಾಣ್ಯವನ್ನು ಒಪ್ಪಿಕೊಂಡೇ ಅದಕ್ಕೆ ಒಂದು ನೆಲೆಯನ್ನು ಒದಗಿಸಿತು. ಜ್ಞಾನದ ಪ್ರಾಮಾಣ್ಯವನ್ನು ಗ್ರಹಿಸುವುದು ಆತ್ಮಸ್ವರೂಪವೇ ಆದ ಸಾಕ್ಷಿ ಎಂಬ ಇಂದ್ರಿಯ, ಸಂಶಯ ಬಂದಾಗ ಪರೀಕ್ಷೆಯ ನೆರವು ಪಡೆದು ಅದು ನಿಶ್ಚಯಕ್ಕೆ ಬರುತ್ತದೆ, ಅಲ್ಲಿಗೆ ಹಿನ್ನಡೆ ನಿಲ್ಲುತ್ತದೆ. ವಿಜಯನಗರದಲ್ಲಿ ಬಾಳಿದ ವ್ಯಾಸತೀರ್ಥರು ತಮ್ಮ ತರ್ಕತಾಂಡವವನ್ನು ಆರಂಭಿಸುವುದೇ ಈ ಪ್ರಾಮಾಣ್ಯದ ಚರ್ಚೆಯಿಂದ ಎಂಬುದು, ಆ ಕಾಲದ ಪಂಡಿತರಿಗೆ ಇದು ಎಷ್ಟು ಮುಖ್ಯವಾಗಿತ್ತೆಂಬುದನ್ನು ಹೇಳುತ್ತದೆ.

ಇವೆರಡು ಪಕ್ಷಗಳಲ್ಲಿ ಯಂತ್ರದ ವಿಷಯಕ್ಕೆ ಹೆಚ್ಚು ಹೊಂದುವುದು ಸ್ವತಃಪ್ರಾಮಾಣ್ಯದ ಪಕ್ಷವೆಂದೇ ಹೇಳಬೇಕಾಗುತ್ತದೆ. ಎಲ್ಲವನ್ನೂ ಪರೀಕ್ಷಿಸಿದ ಬಳಿಕವೇ ನಂಬುತ್ತೇನೆಂದು ಹೊರಟವನು ಕಂಪ್ಯೂಟರನ್ನು ಮುಟ್ಟುವುದೇ ಆಗದು, ಆದ್ದರಿಂದ ನಂಬಿಕೆಯಿಂದಲೇ ತೊಡಗಬೇಕು. ಆದರೆ ಬಾಧಕ ಬಂದಾಗ ನಂಬಿಕೆಯನ್ನು ಕೈಬಿಡಬೇಕೆಂಬ ನಿಯಮ ಅರ್ಥಪೂರ್ಣವಾಗಬೇಕಾದರೆ ಬಾಧಕ ಬರಲು ದಾರಿ ತೆರೆದಿರಬೇಕು. ಮುಚ್ಚಿದ ತಂತ್ರಾಂಶದ ನಿಜವಾದ ಕೊರತೆ ಇದು. ಅದು ಕೆಟ್ಟದ್ದೇ ಆಗಿರಬೇಕೆಂದಿಲ್ಲ, ಕೆಟ್ಟದ್ದಾಗಿದ್ದರೆ ಹೊರಗಿನವರಿಗೆ ತಿಳಿಯುವ ಬಾಗಿಲು ಬಹಳ ಕಿರಿದು. 2024ರ ಮಾರ್ಚಿನಲ್ಲಿ ನಡೆದ ಎಕ್ಸ್‌ಝೆಡ್ ಪ್ರಸಂಗ ತೆರೆದ ತಂತ್ರಾಂಶದ ಎರಡೂ ಮುಖಗಳನ್ನು ತೋರಿಸುತ್ತದೆ. ಲಿನಕ್ಸ್ ವ್ಯವಸ್ಥೆಗಳಲ್ಲಿ ಕಡತಗಳನ್ನು ಕುಗ್ಗಿಸಲು ಬಳಸುವ ಆ ಪುಟ್ಟ ತಂತ್ರಾಂಶದ ನಿರ್ವಹಣೆಯಲ್ಲಿ ಜಿಯಾ ಟಾನ್ ಎಂಬ ಹೆಸರಿನ ಅಪರಿಚಿತರೊಬ್ಬರು ಸುಮಾರು 2 ವರ್ಷ ಒಳ್ಳೆಯ ಕೆಲಸ ಮಾಡುತ್ತ ವಿಶ್ವಾಸ ಗಳಿಸಿ, ಕೊನೆಗೆ ದೂರದಿಂದ ಯಂತ್ರದೊಳಗೆ ನುಗ್ಗಬಲ್ಲ ಕಳ್ಳಬಾಗಿಲನ್ನು ಅದರಲ್ಲಿ ಅಳವಡಿಸಿದ್ದರು. ಆಪ್ತನ ವೇಷ ತೊಟ್ಟ ವಿಪ್ರಲಿಪ್ಸೆಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ. ಅದನ್ನು ಹಿಡಿದವರು ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್. ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡಿನಷ್ಟು ಹೆಚ್ಚು ಹೊತ್ತು ಹಿಡಿಯುತ್ತಿದ್ದುದು ಅವರ ಮನಸ್ಸಿಗೆ ಒಪ್ಪದೆ, ಅದರ ಜಾಡು ಹಿಡಿದು ಸಂಕೇತದವರೆಗೆ ಹೋದರು. ಸಂಶಯಕ್ಕೆ ಕಾರಣ ಸಿಕ್ಕಿದಾಗ ಪರೀಕ್ಷೆಗೆ ತೊಡಗುವುದೆಂದರೆ ಇದೇ, ಮತ್ತು ಸಂಕೇತ ತೆರೆದಿಟ್ಟದ್ದರಿಂದ ಆ ಪರೀಕ್ಷೆ ಸಾಧ್ಯವಾಯಿತು. ಇದೇ ಹಾದಿಯಲ್ಲಿ ಲಿನಕ್ಸ್ ವ್ಯವಸ್ಥೆಗಳಲ್ಲಿ ಒಂದಾದ ಡೆಬಿಯನ್ ಮತ್ತು ಟಾರ್ ಬ್ರೌಸರ್ ತಂಡಗಳು ಹಲವು ವರ್ಷಗಳಿಂದ ಬೆಳೆಸಿರುವ ಪದ್ಧತಿಯೊಂದರಲ್ಲಿ, ಬೇರೆ ಬೇರೆ ಊರುಗಳ ಜನ ಒಂದೇ ಮೂಲಸಂಕೇತದಿಂದ ತಂತಮ್ಮ ಯಂತ್ರಗಳಲ್ಲಿ ತಂತ್ರಾಂಶವನ್ನು ಕಟ್ಟಿ, ಫಲಿತಗಳು ಒಂದು ಬಿಟ್‌ನಷ್ಟೂ ಬೇರೆಯಾಗಿಲ್ಲವೆಂದು ತಾಳೆ ನೋಡುತ್ತಾರೆ. ಸ್ವತಂತ್ರ ಜ್ಞಾನಗಳು ಒಂದಕ್ಕೊಂದು ಹೊಂದಿಬರುವುದಕ್ಕೆ ನೈಯಾಯಿಕರು ಕೊಟ್ಟ ಸಂವಾದ ಎಂಬ ಹೆಸರು ಇದಕ್ಕೆ ತಕ್ಕದ್ದಾಗಿದೆ.

ಆಪ್ತನ ಪ್ರಶ್ನೆ ಇಲ್ಲಿಗೆ ಒಂದು ಹಂತ ಮುಟ್ಟಿತು. ಸಾಕ್ಷಿಯ ಪ್ರಶ್ನೆ ಇದಕ್ಕಿಂತ ಆಳವಾದುದು.

ಜಾಲತಾಣಗಳು ಮೊದಲು ಮರೆಗುಳಿಗಳಾಗಿದ್ದವು. ಒಂದು ಪುಟ ನೋಡಿದವನೇ ಮುಂದಿನ ಪುಟ ಕೇಳಿದರೂ ಅವನನ್ನು ಗುರುತಿಸಲು ಅವುಗಳಿಗೆ ಆಗುತ್ತಿರಲಿಲ್ಲ. 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮಾಂಟುಲ್ಲಿ ಇದಕ್ಕೆ ಪರಿಹಾರವಾಗಿ ಕುಕಿಯನ್ನು, ಅಂದರೆ ಜಾಲತಾಣವು ಬಳಸುವವನ ಯಂತ್ರದಲ್ಲೇ ಇಟ್ಟುಹೋಗುವ ಪುಟ್ಟ ಗುರುತುಚೀಟಿಯನ್ನು, ರೂಪಿಸಿದರು. ಮುಂದೆ ಒಂದೇ ಜಾಹೀರಾತು ಸಂಸ್ಥೆಯ ಚೀಟಿ ಸಾವಿರಾರು ತಾಣಗಳಲ್ಲಿ ಅಂಟಿಕೊಂಡು, ಓದುಗ ಎಲ್ಲಿಂದ ಎಲ್ಲಿಗೆ ಹೋದನೆಂಬ ಪೂರ್ತಿ ದಾರಿಯನ್ನು ಒಂದೆಡೆ ಕೂಡಿಹಾಕತೊಡಗಿತು. ಆ್ಯಪಲ್ ಸಂಸ್ಥೆಯ ಬ್ರೌಸರ್ ಸಫಾರಿ 2020ರಲ್ಲಿ ಇಂಥ ಅನ್ಯತಾಣಗಳ ಕುಕಿಗಳನ್ನು ಪೂರ್ತಿ ತಡೆಯಿತು, ಫೈರ್‌ಫಾಕ್ಸ್ 2022ರಲ್ಲಿ ಪ್ರತಿ ತಾಣದ ಕುಕಿಗಳನ್ನೂ ಬೇರೆ ಬೇರೆ ಡಬ್ಬಿಯಲ್ಲಿಡುವ ಪದ್ಧತಿಯನ್ನು ಎಲ್ಲರಿಗೂ ಜಾರಿಗೊಳಿಸಿತು. 2020ರ ಆರಂಭದಲ್ಲಿ ಅವುಗಳನ್ನು ಎರಡು ವರ್ಷಗಳಲ್ಲಿ ಕೈಬಿಡುವುದಾಗಿ ಹೇಳಿದ್ದ ಗೂಗಲ್ 2024ರಲ್ಲಿ ಆ ಯೋಜನೆಯಿಂದ ಹಿಂದೆ ಸರಿಯಿತು. ಆಪ್ತನ ಎರಡನೆಯ ಲಕ್ಷಣವಾದ ಇಚ್ಛೆ ಎಲ್ಲಿ ಯಾವ ಕಡೆಗೆ ವಾಲುತ್ತದೆಂಬುದನ್ನು ಈ ಮೂರು ನಡೆಗಳಿಂದ ಅಳೆಯಬಹುದು. ಫೈರ್‌ಫಾಕ್ಸ್ ಕಟ್ಟುವ ಮೊಝಿಲ್ಲಾದ ಆದಾಯದ ದೊಡ್ಡ ಭಾಗವೂ ಗೂಗಲ್ ಜೊತೆಗಿನ ಹುಡುಕಾಟದ ಒಪ್ಪಂದದಿಂದಲೇ ಬರುತ್ತದೆಂಬುದನ್ನೂ ಮರೆಯುವಂತಿಲ್ಲ.

ಕುಕಿಯಿಲ್ಲದೆಯೂ ಗುರುತು ಹಿಡಿಯುವ ಇನ್ನೊಂದು ಬಗೆಯಿದೆ. ತೆರೆಯ ಅಳತೆ, ಸಮಯವಲಯ, ಸ್ಥಾಪಿಸಿರುವ ಅಕ್ಷರಶೈಲಿಗಳು, ಬಳಸುವ ಭಾಷೆ ಇವುಗಳನ್ನೆಲ್ಲ ಸೇರಿಸಿದರೆ ಪ್ರತಿ ಬ್ರೌಸರಿಗೂ ಬೆರಳಚ್ಚಿನಂಥ ಗುರುತು ಹುಟ್ಟುತ್ತದೆ. ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷೆಗೆ ಒಳಗಾದ ಸುಮಾರು 4,70,000 ಬ್ರೌಸರ್‌ಗಳಲ್ಲಿ ಶೇ. 83.6ರಷ್ಟು ಇನ್ನೊಂದರಂತೆ ಇರಲಿಲ್ಲ. ಕನ್ನಡಿಗರಿಗೆ ಇದು ಹತ್ತಿರದ ಮಾತು. ಬ್ರೌಸರಿನ ಆದ್ಯತೆಯ ಭಾಷೆಯನ್ನು ಕನ್ನಡವೆಂದು ಆರಿಸಿಕೊಂಡವರ ಸಂಖ್ಯೆ ಕಡಿಮೆಯಿರುವುದರಿಂದ, ಆ ಆಯ್ಕೆಯನ್ನು ಪ್ರತಿ ತಾಣಕ್ಕೂ ತಿಳಿಸುತ್ತ ಹೋಗುವ ಬ್ರೌಸರ್ ಅವರನ್ನು ಗುಂಪಿನಿಂದ ಎತ್ತಿ ತೋರಿಸುತ್ತದೆ. ಯುರೋಪಿನ ಸಣ್ಣ ಊರೊಂದರಲ್ಲಿ ನೆಲೆಸಿದ ಕನ್ನಡಿಗನ ಮಟ್ಟಿಗೆ ಆ ಒಂದು ಗುರುತೇ ಬಹುಪಾಲು ಸಾಕಾಗುತ್ತದೆ. ತಾಯ್ನುಡಿಯಲ್ಲಿ ಓದಬಯಸುವವನು ಇಂಗ್ಲಿಷಿನವನಿಗಿಂತ ಹೆಚ್ಚು ಅನಾವರಣಗೊಳ್ಳಬೇಕಾದ ಈ ಸ್ಥಿತಿ ಅನ್ಯಾಯದ್ದು. ಫೈರ್‌ಫಾಕ್ಸಿನ ಆಧಾರದ ಮೇಲೆ ಕಟ್ಟಿದ ಟಾರ್ ಬ್ರೌಸರ್, ಸಂಪರ್ಕವನ್ನು ಮೂರು ಕಂಪ್ಯೂಟರ್‌ಗಳ ಮೂಲಕ ಸುತ್ತಿಸಿ ಸಾಗಿಸುವುದರ ಜೊತೆಗೆ ತನ್ನ ಎಲ್ಲ ಬಳಕೆದಾರರೂ ಒಂದೇ ಥರ ಕಾಣುವಂತೆ ಮಾಡಲು ಯತ್ನಿಸುತ್ತದೆ. ಇದರಿಂದ ಹೊರಡುವ ತಾತ್ವಿಕ ಅಂಶವೊಂದು ಗಂಭೀರವಾದುದು: ಖಾಸಗಿತನ ಒಬ್ಬನು ಬಾಗಿಲು ಹಾಕಿಕೊಂಡು ಗಳಿಸುವ ಸ್ವತ್ತಾಗಿರದೆ, ಒಬ್ಬರಂತೆ ಇನ್ನೊಬ್ಬರು ಕಾಣುವ ಹಲವರು ಸೇರಿ ಪರಸ್ಪರ ಕೊಡುವ ಆಸರೆಯಾಗಿದೆ. ಮರೆಸುವುದಕ್ಕೆ ಏನೂ ಇಲ್ಲದವರು ಜೊತೆಗಿದ್ದರೆ ಮಾತ್ರ ಮರೆ ಬೇಕಾದವರಿಗೆ ಮರೆ ದೊರೆಯುತ್ತದೆ.

ಮರೆಸುವಂಥದ್ದೇನೂ ಇಲ್ಲದವನಿಗೆ ಅಂಜಿಕೆ ಏಕೆಂಬ ಮಾತು ನಮ್ಮಲ್ಲಿ ಧಾರ್ಮಿಕ ರೂಪದಲ್ಲಿಯೂ ಬರುವುದುಂಟು. ಯಾರೂ ಕಾಣದ ಜಾಗದಲ್ಲಿ ಬಾಳೆಹಣ್ಣು ತಿಂದು ಬನ್ನಿರೆಂದು ವ್ಯಾಸರಾಯರು, ಅಂದರೆ ಮೇಲೆ ಹೇಳಿದ ವ್ಯಾಸತೀರ್ಥರೇ, ಶಿಷ್ಯರಿಗೆ ಹೇಳಿದಾಗ, ಹರಿ ಕಾಣದ ಜಾಗ ಸಿಗಲಿಲ್ಲವೆಂದು ಕನಕದಾಸರು ಹಣ್ಣನ್ನು ಹಾಗೆಯೇ ಹಿಂದಕ್ಕೆ ತಂದರೆಂಬ ಐತಿಹ್ಯ ಕನ್ನಡದ ಮಕ್ಕಳಿಗೂ ಗೊತ್ತು. ಎಲ್ಲವನ್ನೂ ಕಾಣುವವನೊಬ್ಬನಿದ್ದಾನೆಂದು ಒಪ್ಪಿದ ಭಕ್ತನಿಗೆ ಇನ್ನೊಬ್ಬ ಕಾಣುವವನಿಂದ ಏನು ತೊಂದರೆ ಎಂದು ಕೇಳಿದರೆ, ಉತ್ತರ ಸಾಕ್ಷಿ ಎಂಬ ಪದದ ಅರ್ಥದಲ್ಲಿಯೇ ಇದೆ. ಒಂದೇ ಮರದಲ್ಲಿ ಕುಳಿತ ಎರಡು ಹಕ್ಕಿಗಳ ಮುಂಡಕೋಪನಿಷತ್ತಿನ ರೂಪಕದಲ್ಲಿ ಒಂದು ಹಣ್ಣನ್ನು ತಿನ್ನುತ್ತದೆ, ಇನ್ನೊಂದು ತಿನ್ನದೆ ನೋಡುತ್ತದೆ. ನೋಡುವ ಹಕ್ಕಿಗೆ ಸಾಕ್ಷಿತ್ವ ಬರುವುದು ಅದು ತಿನ್ನದಿರುವುದರಿಂದ. ಅದ್ವೈತದಲ್ಲಿ ಸಾಕ್ಷಿ ಉದಾಸೀನ, ಅಂದರೆ ಫಲದಲ್ಲಿ ಪಾಲಿಲ್ಲದವನು. ದ್ವೈತದ ಹರಿಯಾದರೂ ಕಂಡದ್ದನ್ನು ಮೂರನೆಯವನಿಗೆ ಮಾರುವವನಲ್ಲ, ಭಕ್ತನ ದೌರ್ಬಲ್ಯವನ್ನು ಅರಿತು ಅದನ್ನೇ ಕೆರಳಿಸಿ ಲಾಭ ಪಡೆಯುವವನಲ್ಲ. ಓದುಗನ ಹುಡುಕಾಟವನ್ನು ನೋಡಿ, ನೋಡಿದ್ದನ್ನು ತೂಗಿ, ತೂಗಿದ್ದನ್ನು ಹರಾಜಿಗಿಡುವ ವ್ಯವಸ್ಥೆಯಲ್ಲಿ ನೋಡುವುದೇ ತಿನ್ನುವುದಕ್ಕಾಗಿ. ಅಂಥದ್ದಕ್ಕೆ ದೇವರ ಕಣ್ಣಿನ ಹೋಲಿಕೆ ಕೊಡುವುದು ಕನಕದಾಸರಿಗೆ ಮಾಡುವ ಅಪಚಾರ.

ಮರೆಯನ್ನು ತಪ್ಪಿತಸ್ಥನ ಗುರುತೆಂದು ಕಾಣುವ ದೃಷ್ಟಿಯೂ ಈ ನೆಲದ್ದಲ್ಲ. ಏಕಾಂತ ಎಂಬ ಪದಕ್ಕೆ ಕನ್ನಡದಲ್ಲಿರುವ ಗೌರವವನ್ನು ನೆನೆದರೆ ಸಾಕು. ಉಡುಪಿಯ ಕೃಷ್ಣಮಠದಲ್ಲಿ ದಿನದ ಕೊನೆಯ ಪೂಜೆ ಏಕಾಂತ ಸೇವೆ, ದಿನವಿಡೀ ದರ್ಶನ ಕೊಟ್ಟ ದೇವರಿಗೂ ರಾತ್ರಿ ಜನರ ಕಣ್ಣಿನಿಂದ ಬಿಡುವು ಬೇಕೆಂಬುದು ಅಲ್ಲಿಯ ಭಾವ. ಇದೇ ಮಾತನ್ನು ಕಾನೂನಿನ ಭಾಷೆಯಲ್ಲಿ ದೇಶದ ಮುಂದಿಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅವರು 2012ರಲ್ಲಿ ಹೂಡಿದ ಅರ್ಜಿಯಿಂದ ಬೆಳೆದ ವಿಚಾರಣೆಯಲ್ಲಿ, ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಸಂವಿಧಾನದ 21ನೇ ವಿಧಿಯಲ್ಲಿ ನೆಲೆಯೂರಿದ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು.

ಇಷ್ಟರ ಬಳಿಕ ಆಯ್ಕೆಯ ಮಾತು ಹೆಚ್ಚು ಬೆಳೆಸಬೇಕಾಗಿಲ್ಲ. ತಿದ್ದುಪಡಿ ನಿಂತುಹೋದ ಯಂತ್ರವನ್ನು ಜಾಲಕ್ಕೆ ಜೋಡಿಸುವುದು ಪ್ರಮಾದ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಹೊಸ ಕಂಪ್ಯೂಟರ್ ಕೊಳ್ಳಲಾಗದವರು ಹಳೆಯದಕ್ಕೆ ಲಿನಕ್ಸ್ ಹಾಕಿಕೊಳ್ಳುವುದು ವಿವೇಕದ ದಾರಿ. ಅಂಗಡಿಯಲ್ಲಿ ಹಾಕಿಕೊಡುವ ಕಳ್ಳಪ್ರತಿಯ ತಂತ್ರಾಂಶದಲ್ಲಿ ಆಪ್ತನ ಮೂರು ಲಕ್ಷಣಗಳಲ್ಲಿ ಒಂದೂ ಇರುವುದಿಲ್ಲ. ಡಿಸ್ಕಿನ ಪೂರ್ತಿ ಮಾಹಿತಿಯನ್ನು ಗೂಢಲಿಪಿಯಲ್ಲಿಡುವ ಸೌಲಭ್ಯ ಇಂದಿನ ಬಹುತೇಕ ಕಂಪ್ಯೂಟರ್‌ಗಳಲ್ಲಿದ್ದು, ಅದನ್ನು ಚಾಲೂ ಮಾಡಿಕೊಂಡರೆ ಯಂತ್ರ ಕಳುವಾದರೂ ಒಳಗಿನದು ಕಳ್ಳನಿಗೆ ದಕ್ಕುವುದಿಲ್ಲ. ಇನ್‌ಕಾಗ್ನಿಟೊ ಕಿಟಕಿ ಸ್ವಂತ ಯಂತ್ರದಲ್ಲಿ ಉಳಿಯುವ ಹೆಜ್ಜೆಗಳನ್ನು ಮಾತ್ರ ಅಳಿಸುತ್ತದೆ, ತಾಣದವರಿಂದ ಮರೆಸುವುದಿಲ್ಲ. ವಿಪಿಎನ್ ಎಂಬ ಸುರಂಗಮಾರ್ಗ ನಂಬಿಕೆಯನ್ನು ಜಾಲಸೇವೆಯವನಿಂದ ಸುರಂಗದವನ ಕೈಗೆ ವರ್ಗಾಯಿಸುತ್ತದೆ, ಆದ್ದರಿಂದ ಅವನು ಆಪ್ತನೇ ಎಂಬ ಪ್ರಶ್ನೆ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ದಿನಬಳಕೆಗೆ ಫೈರ್‌ಫಾಕ್ಸಿನಂಥ, ನಿಗಾ ತಡೆಯುವ ಏರ್ಪಾಡು ಬಿಗಿಯಾಗಿರುವ ಮುಕ್ತ ಬ್ರೌಸರ್ ಇಂದಿನ ಮಟ್ಟಿಗೆ ಒಳ್ಳೆಯ ಆಯ್ಕೆ ಎಂಬುದು ಈ ವಿಚಾರದಿಂದ ಹೊರಡುವ ತೀರ್ಪು. ಬಾಧಕ ಬಂದ ದಿನ ಅದನ್ನೂ ಬದಲಿಸಬೇಕಾಗುತ್ತದೆ.

ಮನೆಗಳಲ್ಲಿ ಹಿರಿಯರ ಫೋನಿಗೂ ಕಂಪ್ಯೂಟರಿಗೂ ಬೇಕಾದುದನ್ನು ಹಾಕಿಕೊಡುವವರು ಸಾಮಾನ್ಯವಾಗಿ ಮಕ್ಕಳೂ ಮೊಮ್ಮಕ್ಕಳೂ ಆಗಿರುತ್ತಾರೆ. ಅವರು ಆರಿಸಿದ್ದನ್ನೇ ಅಜ್ಜ ಅಜ್ಜಿಯರು ಪ್ರಶ್ನಿಸದೆ ವರ್ಷಗಟ್ಟಲೆ ಬಳಸುತ್ತಾರೆ. ಆ ಮನೆಯಲ್ಲಿ ಆಪ್ತನ ಸ್ಥಾನ ಆ ಕಿರಿಯರದೇ. ಮುಂದಿನ ಸಲ ಅಜ್ಜಿಯ ಫೋನನ್ನು ಕೈಗೆತ್ತಿಕೊಂಡಾಗ, ಯಾವ ಬ್ರೌಸರ್ ಇದೆ, ಅದು ಯಾರಿಗೆ ಏನನ್ನು ಕಳಿಸುತ್ತಿದೆ, ಯಾವುದನ್ನು ಏಕೆ ಬದಲಿಸಲಾಗುತ್ತಿದೆ ಎಂಬುದನ್ನು ಅವರಿಗೆ ತಿಳಿಯುವ ಕನ್ನಡದಲ್ಲಿ ಕುಳಿತು ಹೇಳಿ, ಅವರ ಒಪ್ಪಿಗೆ ಪಡೆದು ಸರಿಪಡಿಸಿಕೊಡಬೇಕೆಂದು ಈ ಲೇಖನವನ್ನು ಓದಿದ ಕಿರಿಯರಲ್ಲಿ ಬಿನ್ನಹ.